ಸದ್ದಿನ ಬೆನ್ನು ಹತ್ತಿ

1915ರ ನವೆಂಬರ್, ಮೊದಲನೆಯ ಮಹಾಯುದ್ಧದ ಕಾಲ. ಬೆಲ್ಜಿಯಂನ ಈಪ್ರ್ ಪಟ್ಟಣದ ದಕ್ಷಿಣಕ್ಕೆ, ಕೆಮೆಲ್ ಗುಡ್ಡದ ಹತ್ತಿರ ಲಾ ಕ್ಲಿಟ್ ಎಂಬ ಹಳ್ಳಿ. ಅಲ್ಲಿನ ಪಾದ್ರಿಯ ಮನೆಯಲ್ಲಿ ಬ್ರಿಟಿಷ್ ಸೇನೆಯ ಯುವ ಅಧಿಕಾರಿಯೊಬ್ಬ ಬಿಡಾರ ಹೂಡಿದ್ದ. ಹೆಸರು ಲಾರೆನ್ಸ್ ಬ್ರ್ಯಾಗ್, ವಯಸ್ಸು ಇಪ್ಪತ್ತೈದು. ಎರಡು ತಿಂಗಳ ಹಿಂದಷ್ಟೇ ಅವನ ತಮ್ಮ ರಾಬರ್ಟ್ ಗಲಿಪೊಲಿಯ ಕಾಳಗದಲ್ಲಿ ಪ್ರಾಣ ಬಿಟ್ಟಿದ್ದ. ಆ ದುಃಖ ಆರುವ ಮೊದಲೇ ಇನ್ನೊಂದು ಸುದ್ದಿ ಬಂತು. ಎಕ್ಸ್ ಕಿರಣಗಳಿಂದ ಹರಳುಗಳ ಒಳರಚನೆಯನ್ನು ಬಿಡಿಸಿ ತೋರಿಸಿದ್ದಕ್ಕಾಗಿ ತಂದೆಗೂ ಅವನಿಗೂ ಒಟ್ಟಿಗೆ ನೊಬೆಲ್ ಪ್ರಶಸ್ತಿ ದೊರೆತಿತ್ತು. ಪಾದ್ರಿ ವೈನ್ ಬಾಟಲಿಯೊಂದನ್ನು ಹೊರತೆಗೆದು ಅತಿಥಿಯ ಜೊತೆ ಸಂಭ್ರಮಿಸಿದ. ಹೊರಗೆ ಫಿರಂಗಿಗಳು ಗುಡುಗುತ್ತಲೇ ಇದ್ದವು.

ಬ್ರ್ಯಾಗ್ ಅಲ್ಲಿಗೆ ಬಂದದ್ದೇ ಆ ಫಿರಂಗಿಗಳ ಸಲುವಾಗಿ. ಜರ್ಮನ್ ತೋಪುಗಳು ಗುಡ್ಡದ ಮರೆಯಲ್ಲಿ, ಕಾಡಿನ ಅಂಚಿನಲ್ಲಿ ಅಡಗಿ ಕೂತಿದ್ದವು. ಕಣ್ಣಿಗೆ ಕಾಣದ ತೋಪನ್ನು ಅದರ ಸದ್ದಿನಿಂದಲೇ ಪತ್ತೆ ಮಾಡಬೇಕಿತ್ತು. ಉಪಾಯ ಫ್ರೆಂಚರದ್ದು. ಪ್ಯಾರಿಸ್ಸಿನ ಮಾರೆ ಸಂಸ್ಥೆಯಲ್ಲಿದ್ದ ಲೂಸಿಯೆನ್ ಬುಲ್ ಅದಕ್ಕೊಂದು ಯಂತ್ರ ಕಟ್ಟಿಕೊಟ್ಟಿದ್ದ. ರಣರಂಗದ ಉದ್ದಕ್ಕೆ ದೂರದೂರದಲ್ಲಿ ಆರು ಮೈಕ್ರೊಫೋನ್ ಇಡುವುದು, ಆರರಿಂದಲೂ ತಂತಿ ಎಳೆದು ಒಂದೇ ಕಡೆಗೆ ತರುವುದು, ಪ್ರತಿ ಮೈಕಿಗೆ ಸದ್ದು ತಲುಪಿದ ಗಳಿಗೆಯನ್ನು ಓಡುವ ಫಿಲ್ಮಿನ ಮೇಲೆ ಗೀರಾಗಿ ಮೂಡಿಸುವುದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದು ಮೈಕಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ತಲುಪಿದ್ದರೆ ಆ ಅಂತರದಲ್ಲೇ ತೋಪಿನ ಜಾಗ ಅಡಗಿರುತ್ತದೆ. ಎರಡು ಮೈಕುಗಳ ಅಂತರದಿಂದ ನಕ್ಷೆಯ ಮೇಲೊಂದು ವಕ್ರರೇಖೆ ಸಿಗುತ್ತದೆ, ಮತ್ತೆರಡರಿಂದ ಇನ್ನೊಂದು. ರೇಖೆಗಳು ಕೂಡುವಲ್ಲಿ ತೋಪು.

ಕಾಗದದ ಮೇಲೆ ಲೆಕ್ಕ ಸೊಗಸಾಗಿತ್ತು. ರಣರಂಗದಲ್ಲಿ ಅದು ಕೈಕೊಟ್ಟಿತು. ಶಬ್ದಕ್ಕಿಂತ ವೇಗವಾಗಿ ಹಾರಿಬರುವ ಶೆಲ್ಲು ತನ್ನದೇ ಒಂದು ಆಘಾತದ ಅಲೆಯನ್ನು ಎಳೆದುಕೊಂಡು ಬರುತ್ತಿತ್ತು. ಕಿವಿಗಡಚಿಕ್ಕುವ ಆ ಸಿಡಿತಕ್ಕೆ ಇಂಗಾಲದ ಮೈಕುಗಳು ಬೆಚ್ಚಿಬೀಳುತ್ತಿದ್ದವು. ಬಂದೂಕಿನ ಚಟಪಟಕ್ಕೂ ಸ್ಪಂದಿಸುತ್ತಿದ್ದವು. ಆದರೆ ತೋಪಿನ ಬಾಯಿಂದ ಹೊರಟು ನಿಧಾನವಾಗಿ ಬರುತ್ತಿದ್ದ ಮಂದ್ರವಾದ ಗುಡುಗಿಗೆ ಮಾತ್ರ ಕಿವುಡಾಗಿದ್ದವು. ಬೇಕಾಗಿದ್ದದ್ದು ಆ ಗುಡುಗೊಂದೇ. ಫಿಲ್ಮಿನ ಮೇಲೆ ಗೀರುಗಳು ಬೇಕಾದಷ್ಟು ಮೂಡಿದವು, ತೋಪು ಮಾತ್ರ ಸಿಗಲಿಲ್ಲ. ತಿಂಗಳುಗಳು ಹೀಗೇ ಕಳೆದವು.

ಸುಳಿವು ಸಿಕ್ಕಿದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ. ಬಿಡಾರಕ್ಕೆ ತಾಗಿದಂತೆ ಪುಟ್ಟದೊಂದು ಕಕ್ಕಸುಕೋಣೆ ಇತ್ತು. ಬಾಗಿಲು ಹಾಕಿಕೊಂಡರೆ ಹೊರಗಾಳಿಗೂ ಒಳಗಾಳಿಗೂ ಇದ್ದ ಸಂಪರ್ಕ ಕೂರುವ ಹಲಗೆಯ ಕೆಳಗಿನ ಕೊಳವೆಯದ್ದು ಮಾತ್ರ. ಸ್ವಲ್ಪ ದೂರದಲ್ಲಿ ಬ್ರಿಟಿಷರದ್ದೇ ಆರಿಂಚಿನ ತೋಪೊಂದಿತ್ತು. ಅದು ಹಾರಿದಾಗಲೆಲ್ಲ ಕೂತಿದ್ದ ಬ್ರ್ಯಾಗ್‌ನ ಮೈ ಹಲಗೆಯಿಂದ ತುಸು ಮೇಲಕ್ಕೆದ್ದಂತಾಗುತ್ತಿತ್ತು. ಕಿವಿಗೆ ದೊಡ್ಡದಾಗಿ ಕೇಳಿಸದ ಆ ಸದ್ದು ಗಾಳಿಯನ್ನು ಮಾತ್ರ ಬಲವಾಗಿಯೇ ನೂಕುತ್ತಿತ್ತು. ಕಿವಿ ಹಿಡಿಯಲಾರದಷ್ಟು ಕೆಳಗಿನ ಆವೃತ್ತಿಯಲ್ಲಿ ಅಪಾರ ಶಕ್ತಿ ಹರಿದುಬರುತ್ತಿದೆ ಎಂದು ಅವನಿಗೆ ಖಚಿತವಾಯಿತು. ಆದರೆ ಆ ನೂಕನ್ನು ಹಿಡಿಯುವ ಸಾಧನ ಯಾವುದು?

ಉತ್ತರ ಕಾರ್ಪೊರಲ್ ಒಬ್ಬನ ಹಾಸಿಗೆಯ ಬಳಿ ಸಿಕ್ಕಿತು. ವಿಲಿಯಂ ಟಕ್ಕರ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಬಂದ ಭೌತವಿಜ್ಞಾನಿ. ಬಿಸಿ ಮಾಡಿದ ಸಣ್ಣ ತಂತಿಗಳು ಗಾಳಿ ಸೋಕಿದಾಗ ಹೇಗೆ ತಣಿಯುತ್ತವೆ ಎಂಬುದರ ಮೇಲೆ ಯುದ್ಧಕ್ಕೆ ಮೊದಲೇ ಕೆಲಸ ಮಾಡಿದ್ದವನು. ಅವನು ಮಲಗುತ್ತಿದ್ದದ್ದು ಟಾರು ಕಾಗದ ಹೊದಿಸಿದ ಗುಡಿಸಲಲ್ಲಿ. ತಲೆಯ ಪಕ್ಕದ ಕಾಗದ ಹರಿದು ತೂತು ಬಿದ್ದಿತ್ತು. ತೋಪು ಹಾರಿದಾಗ ಆ ತೂತಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಶೆಲ್ಲಿನ ಸಿಡಿತಕ್ಕೆ ಹಾಗಾಗುತ್ತಿರಲಿಲ್ಲ. ಟಕ್ಕರ್‌ನಿಗೆ ತನ್ನ ಹಳೆಯ ತಂತಿಗಳು ನೆನಪಾದವು. ಮದ್ದುಗುಂಡಿನ ಖಾಲಿ ಮರದ ಪೆಟ್ಟಿಗೆಗೆ ತೂತು ಕೊರೆದು, ತೂತಿಗೆ ಅಡ್ಡವಾಗಿ ಕೂದಲಿಗಿಂತ ಸಣ್ಣ ಪ್ಲಾಟಿನಂ ತಂತಿ ಕಟ್ಟಿ, ವಿದ್ಯುತ್ ಹರಿಸಿ ಕಾಯಿಸಿಟ್ಟರೆ? ಗಾಳಿ ನುಗ್ಗಿದೊಡನೆ ತಂತಿ ತಣಿಯುತ್ತದೆ, ತಣಿದರೆ ವಿದ್ಯುತ್ ರೋಧ ಬದಲಾಗುತ್ತದೆ, ಫಿಲ್ಮಿನ ಮೇಲಿನ ಗೆರೆ ಜಿಗಿಯುತ್ತದೆ.

1916ರಲ್ಲಿ ಇದನ್ನು ಕಟ್ಟಿ ನೋಡಿದರು. ಫಿಲ್ಮು ತೊಳೆದು ಹಿಡಿದಾಗ ಶೆಲ್ಲಿನ ಆಘಾತ ಇದ್ದೂ ಇಲ್ಲದಂತೆ ಮೂಡಿತ್ತು. ತೋಪಿನ ಗುಡುಗು ನಿಚ್ಚಳವಾಗಿ ಎದ್ದು ನಿಂತಿತ್ತು. ಉಳಿದ ತೊಡಕು ಒಂದೇ, ಬೀಸುಗಾಳಿ. ತೋಪಿನ ನೂಕಿಗೆ ತಣಿಯುವ ತಂತಿ ಬರಿಯ ಗಾಳಿಗೂ ತಣಿಯುತ್ತಿತ್ತು. ಅದಕ್ಕೆ ಮರೆಮಾಚುವ ಬಲೆಗಳನ್ನು ತಂದು ಮೈಕುಗಳ ಸುತ್ತ ಹರಡಿದರು. ಗಾಳಿಯ ಈ ಕಾಟ ಮುಂದೆ ಎಂಬತ್ತು ವರ್ಷಗಳ ನಂತರ ಬೇರೊಂದು ರೂಪದಲ್ಲಿ, ಬೇರೆಯವರನ್ನು ಕಾಡಲಿತ್ತು. 1918ರ ಆಗಸ್ಟಿನಲ್ಲಿ ಅಮಿಯೆನ್ಸ್ ದಾಳಿ ಶುರುವಾಗುವ ಹೊತ್ತಿಗೆ ಎದುರಾಳಿಯ ತೋಪುಗಳಲ್ಲಿ ಬಹುಪಾಲಿನ ಜಾಗ ಬ್ರಿಟಿಷರ ನಕ್ಷೆಯ ಮೇಲೆ ಗುರುತಾಗಿತ್ತು.

ತೋಪಿನ ಸದ್ದು ಒಂದು ರೀತಿಯಲ್ಲಿ ಸುಲಭದ ಬೇಟೆ. ಅದು ಒಂದೇ ಜಾಗದಿಂದ, ಒಂದೇ ಗಳಿಗೆಯಲ್ಲಿ ಹೊರಡುತ್ತದೆ. ಫಿಲ್ಮಿನ ಮೇಲೆ ಅದಕ್ಕೆ ಶುರು ಎಂಬುದಿರುತ್ತದೆ. ಎರಡನೆಯ ಮಹಾಯುದ್ಧದ ನಂತರ ಆಕಾಶವನ್ನು ತುಂಬಿದ ಜೆಟ್ ಎಂಜಿನ್ನಿನ ಗದ್ದಲಕ್ಕೆ ಶುರುವೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಮುಂದಿನ ಫ್ಯಾನು, ಸಂಪೀಡಕ, ಇಂಧನ ಉರಿಯುವ ಕೋಣೆ, ಟರ್ಬೈನು, ಹಿಂದಿನ ನಾಜಲ್ಲು, ನಾಜಲ್ಲಿನಿಂದ ಹೊರಚಿಮ್ಮುವ ಬಿಸಿಗಾಳಿ, ಎಲ್ಲವೂ ಒಟ್ಟಿಗೆ ಅರಚುತ್ತಿದ್ದವು.

1952ರಲ್ಲಿ ಜೇಮ್ಸ್ ಲೈಟ್‌ಹಿಲ್ ಎಂಬ ಗಣಿತಜ್ಞ ಬೆರಗು ಹುಟ್ಟಿಸುವ ಫಲಿತಾಂಶವೊಂದನ್ನು ಪ್ರಕಟಿಸಿದ. ಸದ್ದಿಗೆ ಕಂಪಿಸುವ ಲೋಹವೇ ಬೇಕೆಂದಿಲ್ಲ, ಗಾಳಿ ಗಾಳಿಯೊಡನೆ ಕಲಸಿಕೊಂಡರೂ ಸಾಕು ಎಂದು ಅವನ ಸಮೀಕರಣ ಹೇಳಿತು. ಹಾಗೆ ಹುಟ್ಟುವ ಸದ್ದಿನ ಶಕ್ತಿ ಚಿಮ್ಮುವ ಗಾಳಿಯ ವೇಗದ ಎಂಟನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಸದ್ದಿನ ಶಕ್ತಿ 256 ಪಟ್ಟು. ವೇಗ ಇಳಿಸಿದರೆ ಗದ್ದಲ ಅಷ್ಟೇ ಕಡಿದಾಗಿ ಕುಸಿಯಬೇಕು. ಪ್ರಯೋಗಾಲಯದ ಪುಟ್ಟ, ಶುದ್ಧ ಜೆಟ್‌ಗಳು ಈ ನಿಯಮಕ್ಕೆ ಅಚ್ಚುಕಟ್ಟಾಗಿ ತಲೆಬಾಗಿದವು.

ನಿಜವಾದ ಎಂಜಿನ್ನುಗಳು ತಲೆಬಾಗಲಿಲ್ಲ. ಪೂರ್ತಿ ಕಸುವಿನಲ್ಲಿ ಓಡುವಾಗ ಲೆಕ್ಕ ಕೂಡುತ್ತಿತ್ತು. ವೇಗ ಇಳಿಸುತ್ತ ಹೋದಂತೆ ಗದ್ದಲ ಲೈಟ್‌ಹಿಲ್‌ನ ರೇಖೆಯನ್ನು ಬಿಟ್ಟು ಮೇಲೆಯೇ ಉಳಿಯುತ್ತಿತ್ತು. ಎಲ್ಲಿಂದಲೋ ಹೆಚ್ಚುವರಿ ಸದ್ದು ಬರುತ್ತಿತ್ತು. ಉರಿಯುವ ಕೋಣೆಯಿಂದಲೋ, ಟರ್ಬೈನಿನಿಂದಲೋ, ನಾಜಲ್ಲಿನ ಅಂಚಿನಿಂದಲೋ? ದೂರದಲ್ಲಿಟ್ಟ ಒಂಟಿ ಮೈಕಿಗೆ ಎಲ್ಲವೂ ಕಲಸಿ ಒಂದೇ ಸದ್ದಾಗಿ ಕೇಳಿಸುತ್ತಿತ್ತು. ಎಪ್ಪತ್ತರ ದಶಕದ ಆರಂಭಕ್ಕೆ ಈ ಪ್ರಶ್ನೆ ಬರಿಯ ಪಂಡಿತರ ಕುತೂಹಲವಾಗಿ ಉಳಿದಿರಲಿಲ್ಲ. ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ಕಟ್ಟಿದ ಕಾಂಕಾರ್ಡ್ 1969ರ ಮಾರ್ಚ್ 2ರಂದು ತುಲೂಸ್‌ನಲ್ಲಿ ಮೊದಲ ಬಾರಿ ಹಾರಿತ್ತು. ಅದರ ಒಲಿಂಪಸ್ ಎಂಜಿನ್ನುಗಳ ಆರ್ಭಟ ವಿಮಾನದ ಭವಿಷ್ಯವನ್ನೇ ತೂಗುಯ್ಯಾಲೆಯಲ್ಲಿ ಇಟ್ಟಿತ್ತು. ನ್ಯೂಯಾರ್ಕಿನ ಜನ ಬೀದಿಗಿಳಿದರು, ವಿಮಾನ ನಿಲ್ದಾಣದ ಬಾಗಿಲು ಮುಚ್ಚಿತು, ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1977ರ ನವೆಂಬರಿನವರೆಗೂ ಕಾಂಕಾರ್ಡ್ ಅಲ್ಲಿಗೆ ನಿತ್ಯದ ಸಂಚಾರ ಶುರುಮಾಡಲು ಆಗಲಿಲ್ಲ. ಎಂಜಿನ್ನಿನ ಬಾಯಿ ಕಟ್ಟಬೇಕಾದರೆ ಅದು ಎಲ್ಲಿಂದ ಅರಚುತ್ತಿದೆ ಎಂದು ಮೊದಲು ತಿಳಿಯಬೇಕಿತ್ತು.

ಹತ್ತಿರ ಹೋಗಿ ಕೇಳಿಸಿಕೊಳ್ಳುವಂತಿರಲಿಲ್ಲ. ನೂರಾರು ಡಿಗ್ರಿ ಬಿಸಿಯ ಗಾಳಿಯಲ್ಲಿ ಮೈಕು ಉಳಿಯುವುದಿಲ್ಲ. ಉಳಿದರೂ ಅದರ ಮೈಗೆ ಬಡಿಯುವ ಗಾಳಿಯೇ ಹೊಸದೊಂದು ಗದ್ದಲ ಎಬ್ಬಿಸುತ್ತದೆ. ಜರ್ಮನಿಯ ಗಾಟಿಂಗನ್‌ನಲ್ಲೂ ಅಮೆರಿಕದ ಕ್ಯಾಲಿಫೋರ್ನಿಯದಲ್ಲೂ ಸಂಶೋಧಕರು ಬೇರೆ ದಾರಿ ಹಿಡಿದರು. ದೊಡ್ಡ ನಿಮ್ನ ಕನ್ನಡಿಯ ಎದುರು ಒಂದು ಮೈಕು ಇಟ್ಟು, ಜೆಟ್ಟಿನ ಒಂದೊಂದೇ ಬಿಂದುವಿನ ಸದ್ದನ್ನು ಅದರತ್ತ ಕೂಡಿಸಿ ನೋಡಿದರು. ಅಂಗೈಯಗಲದ ಜೆಟ್ಟಿಗೆ ಇದು ಚೆನ್ನಾಗಿ ಒದಗಿತು. ಆದರೆ ಕನ್ನಡಿ ಕೆಲಸ ಮಾಡಬೇಕಾದರೆ ಅದು ಸದ್ದಿನ ಅಲೆಯುದ್ದಕ್ಕಿಂತ ಹಲವು ಪಟ್ಟು ಅಗಲ ಇರಬೇಕು. 200 ಹರ್ಟ್ಸ್ ಸದ್ದಿನ ಅಲೆ 1.7 ಮೀಟರ್ ಉದ್ದ. ಕಾಂಕಾರ್ಡಿನ ಎಂಜಿನ್ನಿಗೆ ಕನ್ನಡಿ ಮಾಡಹೊರಟರೆ ಅದೇ ಒಂದು ಕಟ್ಟಡವಾಗುತ್ತಿತ್ತು. ಅದನ್ನು ಬಿಂದುವಿನಿಂದ ಬಿಂದುವಿಗೆ ತಿರುಗಿಸುತ್ತ ಕೂರುವಷ್ಟು ಹೊತ್ತು ಎಂಜಿನ್ನನ್ನು ಓಡಿಸುವುದೂ ಸಾಧ್ಯವಿರಲಿಲ್ಲ.

ಇಷ್ಟರಲ್ಲಿ ಕೇಂಬ್ರಿಜ್‌ನಲ್ಲಿ ಇದೇ ಕಷ್ಟವನ್ನು ಇನ್ನೊಂದು ಗುಂಪು ದಾಟಿಯಾಗಿತ್ತು. ಅವರ ಕಣ್ಣು ಇದ್ದದ್ದು ನಕ್ಷತ್ರಗಳ ಮೇಲೆ. ಯುದ್ಧ ಮುಗಿದ ಮೇಲೆ ಅಲ್ಲಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಮಾರ್ಟಿನ್ ರೈಲ್ ಆಕಾಶದಿಂದ ಬರುವ ರೇಡಿಯೊ ಅಲೆಗಳ ಮೂಲ ಹುಡುಕುತ್ತಿದ್ದ. ರೇಡಿಯೊ ಅಲೆಗಳೂ ಉದ್ದ, ಅವಕ್ಕೂ ಊರಗಲದ ತಟ್ಟೆ ಬೇಕು. ಅಂಥ ತಟ್ಟೆ ಕಟ್ಟಲಾಗದು, ಹಾಗಾಗಿ ರೈಲ್ ಸಣ್ಣ ಸಣ್ಣ ಆಂಟೆನಾಗಳನ್ನು ದೂರದೂರದಲ್ಲಿ ನಿಲ್ಲಿಸಿ, ಅವು ಕೇಳಿದ್ದನ್ನೆಲ್ಲ ಲೆಕ್ಕದಲ್ಲಿ ಕೂಡಿಸಿ ದೊಡ್ಡ ತಟ್ಟೆಯ ನೋಟವನ್ನು ಪಡೆದ. 1974ರ ನೊಬೆಲ್ ಪ್ರಶಸ್ತಿಯಲ್ಲಿ ಅವನಿಗೆ ಪಾಲು ಸಿಕ್ಕಿತು. ರೈಲ್ ಈ ಕೆಲಸಕ್ಕೆ ಕೈಹಾಕಿದಾಗ ಕ್ಯಾವೆಂಡಿಷ್‌ನ ಮುಖ್ಯಸ್ಥನಾಗಿದ್ದವನು ಬೇರೆ ಯಾರೂ ಅಲ್ಲ, ಅದೇ ಲಾರೆನ್ಸ್ ಬ್ರ್ಯಾಗ್. 1938ರಿಂದ 1953ರವರೆಗೆ ಅವನು ಅಲ್ಲಿದ್ದ, ಹೊಸ ರೇಡಿಯೊ ಖಗೋಳಶಾಸ್ತ್ರದ ಬೆನ್ನಿಗೆ ನಿಂತಿದ್ದ. ಹರಳಿನಿಂದ ಚದರಿದ ಎಕ್ಸ್ ಕಿರಣ, ಆರು ಮೈಕಿಗೆ ಬೇರೆ ಬೇರೆ ಗಳಿಗೆಯಲ್ಲಿ ತಲುಪಿದ ಗುಡುಗು, ಸಾಲು ಆಂಟೆನಾಗಳಿಗೆ ಸಿಕ್ಕ ನಕ್ಷತ್ರದ ಅಲೆ, ಮೂರರ ಒಳಗಿನ ಗಣಿತ ಹತ್ತಿರದ ಸಂಬಂಧಿಗಳದ್ದು. ಮೂರೂ ಒಬ್ಬನ ಬಾಳಿನಲ್ಲಿ ಎದುರಾದದ್ದನ್ನು ವಿಜ್ಞಾನದ ಇತಿಹಾಸದ ಅಪರೂಪದ ಕೂಟವೆಂದೇ ಹೇಳಬೇಕು.

ಅದೇ ಕೇಂಬ್ರಿಜ್‌ನ ಎಂಜಿನಿಯರಿಂಗ್ ವಿಭಾಗದಲ್ಲಿ ಜಾನ್ ಬಿಲ್ಲಿಂಗ್ಸ್‌ಲಿ ಜೆಟ್ಟಿನ ಗದ್ದಲಕ್ಕೆ ಕೈಹಾಕಿದರು. ನಿಯಂತ್ರಣ ಎಂಜಿನಿಯರಿಂಗಿನಿಂದ ಬಂದ ಅವರಿಗೆ ಯಂತ್ರಕ್ಕೆ ಕಂಪ್ಯೂಟರ್ ಜೋಡಿಸುವ ಹಂಬಲ ಸಹಜವಾಗಿತ್ತು. ಮುಂದೆ ಗೋಜಲು ದಾರಿಯಲ್ಲಿ ತಾನೇ ಹಾದಿ ಹುಡುಕುವ ಇಲಿ ರೋಬೊಗಳ ಸ್ಪರ್ಧೆಯನ್ನು ಯುರೋಪಿನಲ್ಲಿ ಶುರುಮಾಡಿದವರೂ ಇವರೇ. 1974ರಲ್ಲಿ ಅವರು ಹೊಸ ಸಾಧನದ ವರದಿ ಬರೆದರು, 1976ರಲ್ಲಿ ರೋಜರ್ ಕಿನ್ಸ್ ಜೊತೆಗೂಡಿ ಅದರ ಪೂರ್ಣ ವಿವರ ಪ್ರಕಟಿಸಿದರು. ಸಾಧನಕ್ಕೆ ಅಕೌಸ್ಟಿಕ್ ಟೆಲಿಸ್ಕೋಪ್ ಎಂದು ಹೆಸರಿಟ್ಟರು. ಅದರಲ್ಲಿ ಕನ್ನಡಿ ಇರಲಿಲ್ಲ, ಮಸೂರ ಇರಲಿಲ್ಲ, ತಿರುಗುವ ಭಾಗ ಯಾವುದೂ ಇರಲಿಲ್ಲ. ಒಂದೇ ಸಾಲಿನಲ್ಲಿ ನಿಲ್ಲಿಸಿದ ಹದಿನಾಲ್ಕು ಮೈಕುಗಳು, ಮತ್ತು ಇಂದಿನ ಒಂದು ಫೋಟೊವನ್ನೂ ಹಿಡಿಸಲಾರದಷ್ಟು ಕಿರಿದಾದ ಸ್ಮೃತಿಯ ಒಂದು ಕಂಪ್ಯೂಟರ್.

ಕಷ್ಟ ಇದ್ದದ್ದು ವಿವರಗಳಲ್ಲಿ. ಸದ್ದು ಒಂದು ಮಿಲಿಸೆಕೆಂಡಿನಲ್ಲಿ 34 ಸೆಂಟಿಮೀಟರ್ ದಾಟುತ್ತದೆ. ಎಂಜಿನ್ನಿನ ಒಂದು ಭಾಗವನ್ನು ಪಕ್ಕದ ಭಾಗದಿಂದ ಬೇರ್ಪಡಿಸಬೇಕಾದರೆ ಹದಿನಾಲ್ಕು ಮೈಕುಗಳ ಗಡಿಯಾರ ಮಿಲಿಸೆಕೆಂಡಿನ ಸಣ್ಣ ಪಾಲಿನಷ್ಟೂ ಆಚೀಚೆ ಆಗಕೂಡದು. ಒಂದು ಮೈಕು ತಡವಾಗಿ ಸ್ಪಂದಿಸಿದರೂ ಚಿತ್ರ ಕದಡುತ್ತದೆ. ಜೆಟ್ಟಿನ ಸದ್ದಿಗೆ ತೋಪಿನಂತೆ ಗುರುತಿನ ಸಿಡಿತವೂ ಇಲ್ಲ. ಹಾಗಿರುವಾಗ ಯಾವ ಗೀರನ್ನು ಯಾವುದರ ಜೊತೆ ಹೋಲಿಸುವುದು? ಅವರು ಬಳಸಿದ ಉಪಾಯ ಬ್ರ್ಯಾಗ್‌ನ ಲೆಕ್ಕವನ್ನು ತಿರುವುಮುರುವು ಮಾಡಿದಂತಿತ್ತು. ತಡವನ್ನು ಅಳೆದು ಜಾಗ ಹುಡುಕುವ ಬದಲು ಮೊದಲು ಒಂದು ಜಾಗ ಊಹಿಸಿಕೊಂಡರು. ಸದ್ದು ಅಲ್ಲಿಂದಲೇ ಹೊರಟಿದ್ದರೆ ಪ್ರತಿ ಮೈಕಿಗೆ ಎಷ್ಟು ತಡವಾಗಿ ತಲುಪಬೇಕಿತ್ತು ಎಂದು ಲೆಕ್ಕ ಹಾಕಿ, ಅಷ್ಟಷ್ಟು ತಡವನ್ನು ಸರಿತೂಗಿಸಿ, ಹದಿನಾಲ್ಕನ್ನೂ ಕೂಡಿಸಿದರು. ಊಹೆ ನಿಜವಾಗಿದ್ದರೆ ಅಲೆಗಳು ಒಂದರ ಮೇಲೊಂದು ಕೂತು ಮೊತ್ತ ಎತ್ತರಕ್ಕೇರುತ್ತದೆ. ಸುಳ್ಳಾಗಿದ್ದರೆ ಏರು ಇಳಿತಗಳು ಪರಸ್ಪರ ತಿಂದುಹಾಕಿ ಮೊತ್ತ ಕುಗ್ಗುತ್ತದೆ. ಆಮೇಲೆ ಪಕ್ಕದ ಜಾಗ, ಅದರ ಪಕ್ಕದ್ದು. ಎಂಜಿನ್ನು ಓಡಿದ್ದು ಒಮ್ಮೆ, ನೋಟ ಹರಿದದ್ದು ಅದರ ಉದ್ದಗಲಕ್ಕೂ.

ರೋಲ್ಸ್ ರಾಯ್ಸ್ ಮತ್ತು ಸ್ನೆಕ್ಮಾ ಕೂಡಿ ತಯಾರಿಸಿದ ಒಲಿಂಪಸ್ ಎಂಜಿನ್ನಿನ ಮುಂದೆ ಈ ಸಾಲು ನಿಂತಿತು. ಎಂಜಿನ್ನು ಓಡುತ್ತಿದ್ದ ಹಾಗೆಯೇ, ಉದ್ದಕ್ಕೂ ಎಲ್ಲೆಲ್ಲಿ ಯಾವ ಆವೃತ್ತಿಯ ಸದ್ದು ಹುಟ್ಟುತ್ತಿದೆ ಎಂಬ ನಕ್ಷೆ ಪರದೆಯ ಮೇಲೆ ಮೂಡಿತು. ಅಷ್ಟು ವರ್ಷ ಒಂದೇ ಮುದ್ದೆಯಾಗಿ ಕೇಳಿಸಿದ್ದ ಆರ್ಭಟ ಮೊದಲ ಬಾರಿಗೆ ಬಿಡಿಬಿಡಿಯಾಗಿ ಕಾಣಿಸಿತ್ತು. ಸೌತಾಂಪ್ಟನ್‌ನಲ್ಲಿ ಫಿಶರ್, ಹಾರ್ಪರ್-ಬೋರ್ನ್ ಮತ್ತು ಗ್ಲೆಗ್ ಬೇರೆಯೇ ಜೋಡಣೆಯಿಂದ ಇದೇ ಗುರಿಗೆ ಬಂದರು. ಮೈಕುಗಳನ್ನು ನೇರ ಸಾಲಿಗೆ ಬದಲು ನಾಜಲ್ಲನ್ನು ಕೇಂದ್ರವಾಗಿಟ್ಟು ಕಮಾನಿನಲ್ಲಿ ನಿಲ್ಲಿಸಿದ ಅವರ ವಿಧಾನ 1977ರಲ್ಲಿ ಪ್ರಕಟವಾಯಿತು. ನಾಜಲ್ಲಿನ ಬಾಯಿಂದ ಬರುವ ಸದ್ದನ್ನೂ ಅದರ ಹಿಂದೆ ಬಯಲಲ್ಲಿ ಹುಟ್ಟುವ ಸದ್ದನ್ನೂ ಅದು ಬೇರೆ ಬೇರೆಯಾಗಿ ತೂಗಿ ತೋರಿಸಿತು. ಲೈಟ್‌ಹಿಲ್‌ನ ರೇಖೆಗೆ ಬಗ್ಗದಿದ್ದ ಹೆಚ್ಚುವರಿ ಸದ್ದಿನ ಬೆನ್ನು ಹತ್ತಲು ಕೊನೆಗೂ ಒಂದು ದಾರಿ ತೆರೆದಿತ್ತು.

ದಾರಿಯಲ್ಲಿ ಭೂತಗಳಿದ್ದವು. ಪರದೆಯ ಮೇಲೆ ಮೂಡಿದ ಹೊಳೆಯುವ ಕಲೆಗಳೆಲ್ಲ ನಿಜವಲ್ಲ ಎಂಬುದು ಈ ವಿದ್ಯೆಗೆ ಕೈಹಾಕಿದವರಿಗೆಲ್ಲ ಬಲುಬೇಗ ಗೊತ್ತಾಗುತ್ತಿತ್ತು. ಏನೂ ಇಲ್ಲದ ಜಾಗದಲ್ಲಿ, ಲೋಹವೂ ಇಲ್ಲದ, ಗಾಳಿಯೂ ಅಲುಗದ ಬಯಲಿನಲ್ಲಿ ದೊಡ್ಡ ಸದ್ದು ಹುಟ್ಟಿದಂತೆ ನಕ್ಷೆ ಹೇಳುತ್ತಿತ್ತು. ಕಾರಣ ಮೈಕುಗಳ ಶಿಸ್ತಿನಲ್ಲೇ ಇತ್ತು. ಸಮ ಅಂತರದಲ್ಲಿ ನಿಂತ ಮೈಕುಗಳ ನಡುವಿನ ದೂರ ಅರ್ಧ ಅಲೆಯುದ್ದವನ್ನು ಮೀರಿದರೆ, ಬೇರೊಂದು ದಿಕ್ಕಿನಿಂದ ಬಂದ ಅಲೆ ಸರಿಯಾಗಿ ಒಂದು ಸುತ್ತು ಹಿಂದೆ ಬಿದ್ದು ಎಲ್ಲ ಮೈಕುಗಳಲ್ಲೂ ತಾಳ ಕೂಡಿಸಿಬಿಡುತ್ತದೆ. ಕಂಪ್ಯೂಟರಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. 2000 ಹರ್ಟ್ಸ್ ಸದ್ದಿಗೆ ಅರ್ಧ ಅಲೆಯೆಂದರೆ ಎಂಟೂವರೆ ಸೆಂಟಿಮೀಟರ್. ಮೈಕುಗಳನ್ನು ಅಷ್ಟು ಒತ್ತಾಗಿ ಇಟ್ಟರೆ ಸಾಲು ಗಿಡ್ಡವಾಗಿ ಮಂದ್ರದ ಸದ್ದೆಲ್ಲ ಮಸುಕಾಗುತ್ತದೆ. ದೂರ ಸರಿಸಿದರೆ ಭೂತ ಏಳುತ್ತದೆ. ಎರಡನ್ನೂ ಗೆಲ್ಲಲು ಸಾವಿರಾರು ಮೈಕು ಕೊಳ್ಳಬೇಕು, ಒಂದೊಂದು ಮೈಕಿನ ಬೆಲೆಯೂ ಆಗ ಕಣ್ಣು ಕೋರೈಸುವಂತಿತ್ತು.

ಬಿಡುಗಡೆ ಸಿಕ್ಕಿದ್ದು ಶಿಸ್ತನ್ನು ಮುರಿದಾಗ. ಮೈಕುಗಳ ನಡುವಿನ ಯಾವ ಎರಡು ಅಂತರವೂ ಒಂದೇ ಆಗದಂತೆ ಹರಡಿದರೆ, ಭೂತಕ್ಕೆ ಎಲ್ಲ ಮೈಕುಗಳಲ್ಲೂ ಒಟ್ಟಿಗೆ ತಾಳ ಕೂಡಿಸಲು ಆಗುವುದಿಲ್ಲ. ಬೋಯಿಂಗ್ ಕಂಪನಿಯಲ್ಲಿದ್ದ ರಾಬರ್ಟ್ ಡೌಹರ್ಟಿ ಮೈಕುಗಳನ್ನು ಸುರುಳಿಯಾಗಿ ಜೋಡಿಸಿದ ವಿನ್ಯಾಸಕ್ಕೆ 1998ರಲ್ಲಿ ಪೇಟೆಂಟ್ ಸಿಕ್ಕಿತು. ಕೇಂದ್ರದಲ್ಲಿ ಒತ್ತೊತ್ತಾಗಿ, ಹೊರಗೆ ಹೋದಂತೆ ಅಗಲಗಲವಾಗಿ ಸುತ್ತುವ ಸುರುಳಿ. ಅದೇ ಕಂಪನಿಯ ಜೇಮ್ಸ್ ಅಂಡರ್‌ಬ್ರಿಂಕ್ ಹಲವು ತೋಳುಗಳ ಸುರುಳಿಯನ್ನು ರೂಪಿಸಿದರು. ಇಂದು ವಿಮಾನದ ಸದ್ದು ಅಳೆಯುವ ಕಡೆಯಲ್ಲೆಲ್ಲ ಕಣ್ಣಿಗೆ ಬೀಳುವ ಆ ಚೆಂದದ ಆಕಾರ ಅಲಂಕಾರಕ್ಕೆ ಹುಟ್ಟಿದ್ದಲ್ಲ, ಭೂತಗಳ ಜೊತೆ ಸೆಣಸಿ ಸೆಣಸಿ ಹುಟ್ಟಿದ್ದು.

ಗಾಳಿಯ ಹಳೆಯ ಕಾಟವೂ ಮರಳಿ ಬಂದಿತ್ತು. ವಿಮಾನದ ಮಾದರಿಗಳನ್ನು ಪರೀಕ್ಷಿಸುವ ಗಾಳಿಸುರಂಗದಲ್ಲಿ ಮೈಕುಗಳನ್ನು ಗೋಡೆಗೆ ಹುದುಗಿಸಿದರೆ ಗೋಡೆಗುಂಟ ನುಗ್ಗುವ ಗಾಳಿ ಒಂದೊಂದು ಮೈಕಿನ ಮುಖಕ್ಕೂ ಬಡಿದು, ಬೇಕಾದ ಸದ್ದನ್ನು ಪೂರ್ತಿ ಮುಳುಗಿಸುತ್ತಿತ್ತು. ಇಲ್ಲಿ ಬಲೆ ಕಟ್ಟುವಂತಿರಲಿಲ್ಲ. ಪರಿಹಾರ ಗಣಿತದೊಳಗೆ ಸಿಕ್ಕಿತು. ಒಂದು ಮೈಕಿಗೆ ಬಡಿದ ಗಾಳಿಗೂ ಪಕ್ಕದ ಮೈಕಿಗೆ ಬಡಿದ ಗಾಳಿಗೂ ಹೊಂದಿಕೆ ಇರುವುದಿಲ್ಲ. ದೂರದ ಮೂಲದಿಂದ ಬಂದ ಸದ್ದು ಮಾತ್ರ ಎರಡರಲ್ಲೂ ಹೊಂದುತ್ತದೆ. ಹಾಗಾಗಿ ಮೈಕುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ, ಪ್ರತಿ ಮೈಕನ್ನು ಅದರ ಜೊತೆಗೇ ಹೋಲಿಸಿದ ಅಂಕಿಗಳನ್ನು ಕೋಷ್ಟಕದಿಂದ ಅಳಿಸಿಹಾಕಿದರು. ಗಾಳಿಯ ಸದ್ದಿನ ಬಹುಭಾಗ ಕೂತಿದ್ದದ್ದು ಆ ಅಂಕಿಗಳಲ್ಲೇ. ಕಿವಿಗೆ ಗಾಳಿಯ ಬೋರ್ಗರೆತ ಬಿಟ್ಟು ಮತ್ತೇನೂ ಕೇಳಿಸದ ಕಡೆಯಲ್ಲೂ ಮೂಲಗಳು ನಕ್ಷೆಯ ಮೇಲೆ ಎದ್ದುಬಂದವು.

ಉಳಿದದ್ದು ಮಸುಕು. ಎಷ್ಟೇ ಜಾಣ ಸುರುಳಿಯಾದರೂ ಚುಕ್ಕೆಯಂಥ ಮೂಲವನ್ನು ಊದಿದ ಕಲೆಯಾಗಿಯೇ ತೋರಿಸುತ್ತದೆ, ಸುತ್ತ ಪುಡಿ ಕಲೆಗಳನ್ನು ಚೆಲ್ಲುತ್ತದೆ. ಇದಕ್ಕೂ ಮದ್ದು ಖಗೋಳದಿಂದಲೇ ಬಂತು. ಬಿಲ್ಲಿಂಗ್ಸ್‌ಲಿ ತಮ್ಮ ವರದಿ ಬರೆದ 1974ರಲ್ಲೇ ಯಾನ್ ಹೋಗ್‌ಬೊಮ್ ಎಂಬ ಸ್ವೀಡನ್ನಿನ ಖಗೋಳಜ್ಞ, ರೈಲ್‌ನ ಹಳೆಯ ವಿದ್ಯಾರ್ಥಿ, ಕ್ಲೀನ್ ಎಂಬ ವಿಧಾನವನ್ನು ಪ್ರಕಟಿಸಿದ್ದ. ನಕ್ಷೆಯ ಅತಿ ಪ್ರಖರ ಕಲೆಯನ್ನು ಹಿಡಿದು, ಅದು ತನ್ನ ಸುತ್ತ ಎಷ್ಟು ಮಸುಕನ್ನು ಹರಡಿರಬೇಕೆಂದು ಲೆಕ್ಕ ಹಾಕಿ, ಅಷ್ಟನ್ನು ಕಳೆಯುವುದು. ಉಳಿದುದರಲ್ಲಿ ಮತ್ತೆ ಪ್ರಖರವಾದದ್ದನ್ನು ಹಿಡಿಯುವುದು. ಒಂದೇ ವರ್ಷ ಹುಟ್ಟಿದ ಈ ಎರಡು ವಿದ್ಯೆಗಳು ಒಂದಕ್ಕೊಂದು ಬೆಸೆದುಕೊಳ್ಳಲು ದಶಕಗಳೇ ಬೇಕಾದವು. 2004ರಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಥಾಮಸ್ ಬ್ರೂಕ್ಸ್ ಮತ್ತು ವಿಲಿಯಂ ಹಂಫ್ರೀಸ್ ಡಾಮಾಸ್ ಎಂಬ ವಿಧಾನ ತಂದರು. ಕಂಡ ಮಸುಕು ಚಿತ್ರ ಹುಟ್ಟಬೇಕಾದರೆ ನಿಜದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಸದ್ದು ಇದ್ದಿರಬೇಕು ಎಂದು ನಕ್ಷೆಯ ಪ್ರತಿ ಬಿಂದುವಿಗೂ ಸಮೀಕರಣ ಬರೆದು, ಉತ್ತರ ನೆಲೆನಿಲ್ಲುವವರೆಗೆ ಮತ್ತೆ ಮತ್ತೆ ಬಿಡಿಸುವ ವಿಧಾನ ಅದು. 2007ರಲ್ಲಿ ನೆದರ್ಲೆಂಡ್ಸಿನ ಪೀಟರ್ ಸೈಟ್ಸ್‌ಮಾ ಹೋಗ್‌ಬೊಮ್‌ನ ವಿಧಾನವನ್ನೇ ಸದ್ದಿಗೆ ಒಗ್ಗಿಸಿದರು.

ಅಷ್ಟರಲ್ಲಿ ಇನ್ನೊಂದು ದಿಟ್ಟ ಹೆಜ್ಜೆಯೂ ನಡೆದಿತ್ತು. ಕಟ್ಟಿಹಾಕಿದ ಎಂಜಿನ್ನಿನ ಬದಲು ಹಾರುವ ವಿಮಾನವನ್ನೇ ಕೆಳಗಿನಿಂದ ಕೇಳುವುದು. ಇಳಿಯುವ ವಿಮಾನ ಸೆಕೆಂಡಿಗೆ ಸುಮಾರು 70 ಮೀಟರ್ ಧಾವಿಸುತ್ತದೆ. ನೂರು ಮೀಟರ್ ಎತ್ತರದಿಂದ ಹೊರಟ ಸದ್ದು ನೆಲಕ್ಕೆ ಮುಟ್ಟುವುದರೊಳಗೆ ವಿಮಾನ ಇಪ್ಪತ್ತು ಮೀಟರ್ ಮುಂದೆ ಸರಿದಿರುತ್ತದೆ, ಡಾಪ್ಲರ್ ಪರಿಣಾಮದಿಂದ ಸ್ವರವೂ ಜಾರಿರುತ್ತದೆ. ಪ್ರತಿ ಕ್ಷಣಕ್ಕೂ, ಪ್ರತಿ ಮೈಕಿಗೂ ಹೊಸ ತಡವನ್ನು ಲೆಕ್ಕ ಹಾಕಿ ಈ ಜಾರನ್ನು ಬಿಡಿಸುವ ಕ್ರಮವನ್ನು ಬ್ರಿಟನ್ನಿನ ಸಂಶೋಧಕರು 1986ರಲ್ಲಿ ಪ್ರಕಟಿಸಿದರು. ಬರ್ಲಿನ್ನಿನಲ್ಲಿ ಉಲ್ಫ್ ಮಿಶೆಲ್ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲಿ ಮೊದಲು ತಗ್ಗಿನಲ್ಲಿ ನುಗ್ಗುವ ಟೊರ್ನಾಡೊ ಯುದ್ಧವಿಮಾನದ ಕೆಳಗೆ, ಆಮೇಲೆ ಇಳಿಯುವ ಪ್ರಯಾಣಿಕ ವಿಮಾನಗಳ ಕೆಳಗೆ ಮೈಕುಗಳನ್ನು ಹರಡಿ ಕಾದರು.

ಅಲ್ಲಿ ಬೇಟೆ ತಿರುವು ಪಡೆಯಿತು. ಎಂಜಿನ್ನುಗಳು ದಶಕದಿಂದ ದಶಕಕ್ಕೆ ಮೆತ್ತಗಾಗಿದ್ದವು, ಇಳಿಯುವಾಗಲಂತೂ ಅವುಗಳ ಕಸುವನ್ನು ಕುಗ್ಗಿಸಿರುತ್ತಾರೆ. ನಕ್ಷೆಯ ಮೇಲೆ ರೆಕ್ಕೆಯ ಮಡಿಕೆಗಳೂ ಚಕ್ರದ ಕಾಲುಗಳೂ ಬೆಳಗಿದವು. ಏರ್‌ಬಸ್ ಎ320 ಬಳಗದ ವಿಮಾನಗಳಲ್ಲಿ, ಯಾವ ಯಂತ್ರವೂ ಇಲ್ಲದ ರೆಕ್ಕೆಯ ತಳದಲ್ಲಿ, ಒಂದು ಸಿಳ್ಳು ಪತ್ತೆಯಾಯಿತು. ಜನ ಎಷ್ಟೋ ವರ್ಷ ಎಂಜಿನ್ನಿನದ್ದೆಂದೇ ನಂಬಿದ್ದ ಆ ಕೊರೆಯುವ ಸ್ವರ ಹೊರಡುತ್ತಿದ್ದದ್ದು ಇಂಧನ ತೊಟ್ಟಿಯ ಒತ್ತಡ ಸರಿತೂಗಿಸುವ ದುಂಡನೆಯ ತೂತುಗಳಿಂದ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಸಿಳ್ಳು ಹೊಮ್ಮುವ ಹಾಗೆ ಆ ತೂತುಗಳ ಮೇಲೆ ಗಾಳಿ ಹಾಯುತ್ತಿತ್ತು. ಲುಫ್ತಾನ್ಸಾ ಸಂಸ್ಥೆ 2014ರಿಂದ ತೂತುಗಳ ಮುಂದೆ ಗಾಳಿಯನ್ನು ಸುಳಿಯಾಗಿಸುವ ಪುಟ್ಟ ಲೋಹದ ಪಟ್ಟಿಗಳನ್ನು ಕೂರಿಸತೊಡಗಿತು. ಸಿಳ್ಳು ನಿಂತಿತು. ಇಳಿಯುವ ದಾರಿಯ ಕೆಲವೆಡೆ ಒಟ್ಟು ಗದ್ದಲ 4 ಡೆಸಿಬೆಲ್‌ವರೆಗೆ ತಗ್ಗಿತೆಂದು ಸಂಸ್ಥೆ ಹೇಳಿತು. ಅಂಗೈಯಲ್ಲಿ ಹಿಡಿಸುವ ಲೋಹದ ತುಂಡು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲು ಬೇಕಾದದ್ದು ಇಷ್ಟೆಲ್ಲ ಮೈಕು, ಇಷ್ಟೆಲ್ಲ ಗಣಿತ.

ಇನ್ನು ಜೆಟ್ಟಿನ ಮೂಲ ಪ್ರಶ್ನೆ. ಸಾಲು, ಕಮಾನು, ಸುರುಳಿ, ಎಲ್ಲ ಬಗೆಯ ಜೋಡಣೆಗಳೂ ಕೂಡಿ ಕಟ್ಟಿಕೊಟ್ಟ ಉತ್ತರ ಹೀಗಿತ್ತು. ಲೈಟ್‌ಹಿಲ್‌ನ ನಿಯಮ ತಪ್ಪಿರಲಿಲ್ಲ, ಅದು ಹೇಳಿದ್ದು ಹೊರಚಿಮ್ಮಿದ ಗಾಳಿಯ ಪಾಡನ್ನು ಮಾತ್ರ. ವೇಗ ಇಳಿದಾಗ ಉಳಿದುಬಿಡುತ್ತಿದ್ದ ಹೆಚ್ಚುವರಿ ಸದ್ದು ಎಂಜಿನ್ನಿನ ಹೊಟ್ಟೆಯಲ್ಲಿ ಹುಟ್ಟಿ ನಾಜಲ್ಲಿನ ಬಾಯಿಂದ ಹೊರಬರುತ್ತಿತ್ತು. ಇನ್ನು ಹೊರಗಿನ ಸದ್ದು ಒಂದೇ ಬಿಂದುವಿನದ್ದಲ್ಲ. ನಾಜಲ್ಲಿನ ಅಂಚಿನಲ್ಲಿ ಬಿಸಿಗಾಳಿಯೂ ತಣ್ಣನೆಯ ಗಾಳಿಯೂ ಉಜ್ಜುವ ಪದರ ತೆಳ್ಳಗಿರುತ್ತದೆ. ಅಲ್ಲಿನ ಸುಳಿಗಳು ಸಣ್ಣವು, ಅವು ಹೊರಡಿಸುವುದು ತಾರಕದ ಸ್ವರ. ಹಿಂದೆ ಸರಿದಂತೆ ಪದರ ದಪ್ಪವಾಗುತ್ತದೆ, ಸುಳಿಗಳು ಹಿಗ್ಗುತ್ತವೆ, ಸ್ವರ ಮಂದ್ರಕ್ಕಿಳಿಯುತ್ತದೆ. ಎದೆ ನಡುಗಿಸುವ ಗುಡುಗು ಹುಟ್ಟುವುದು ಎಂಜಿನ್ನಿನಿಂದ ಹಲವು ನಾಜಲ್ ಅಗಲಗಳಷ್ಟು ಹಿಂದೆ, ಬಯಲ ಗಾಳಿಯಲ್ಲಿ. ಈ ನಕ್ಷೆ ಕೈಗೆ ಸಿಕ್ಕ ಮೇಲೆ ಪ್ರತಿ ಉಪಾಯವನ್ನೂ ಅದರ ಮೇಲಿಟ್ಟು ಒರೆಹಚ್ಚಬಹುದಾಯಿತು. 2005ರಲ್ಲಿ ಅಮೆರಿಕದ ಮೊಂಟಾನದಲ್ಲಿ ಬೋಯಿಂಗ್, ನಾಸಾ ಮತ್ತು ಜೊತೆಗಾರರು ನಾಜಲ್ಲಿನ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಎಂಜಿನ್ನುಗಳನ್ನು 777 ವಿಮಾನಕ್ಕೆ ಕಟ್ಟಿ, ನೆಲದ ಮೇಲೆ ಮೈಕುಗಳನ್ನು ಹರಡಿ ಹಾರಿಸಿ ನೋಡಿದರು. ಇಂಥ ಹಲ್ಲುಗಳು ಎರಡು ಗಾಳಿಗಳನ್ನು ಬೇಗ ಬೆರೆಸುತ್ತವೆ. ನಾಜಲ್ಲಿನ ಬಳಿ ತಾರಕದ ಸದ್ದು ತುಸು ಏರುತ್ತದೆ, ಹಿಂದೆ ದೂರದಲ್ಲಿ ಹುಟ್ಟುವ ಗುಡುಗು ಇಳಿಯುತ್ತದೆ. ಬೋಯಿಂಗ್ 787ರ ಎಂಜಿನ್ ಹೊದಿಕೆಯ ಹಿಂದಿನ ಅಂಚಿನಲ್ಲಿ ಕಾಣುವುದು ಆ ಹಲ್ಲುಗಳೇ.